ಎದೆಮಟ್ಟದ ಬೀಮು

ನಿಂತು ಓಡಿಸುವ ಫೋರ್ಕ್‌ಲಿಫ್ಟ್ ನಮ್ಮ ಗೋದಾಮಿಗೆ ಬಂದ ದಿನ ಎಲ್ಲರೂ ತೆಂಗಿನಕಾಯಿ ಒಡೆಯುವುದರಲ್ಲೇ ಮುಳುಗಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಸರಕು ಎತ್ತುವ ಎರಡೂ ಫೋರ್ಕುಗಳಿಗೆ ಚೆಂಡುಹೂವಿನ ಮಾಲೆ ಹಾಕಿದರು, ಬ್ಯಾಟರಿಯ ಮುಚ್ಚಳದ ಮೇಲೆ ಕುಂಕುಮ ಬಳಿದರು. ಗೋದಾಮಿನ ಮ್ಯಾನೇಜರ್ ಒಳಗೆ ಹತ್ತಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಮಾಲೆಯ ಕಡೆಗೆ ಮುಖ ಮಾಡಿ ಫೋಟೊ ತೆಗೆಸಿಕೊಂಡರು. ಆ ಗಾಡಿಯಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ಅಡ್ಡಲಾಗಿ ನಿಂತು, ಒಂದು ಭುಜದ ಕಡೆ ಫೋರ್ಕು, ಇನ್ನೊಂದು ಭುಜದ ಕಡೆ ಖಾಲಿ ದಾರಿ ಇರುವಂತೆ ನೋಡಿಕೊಳ್ಳಬೇಕು. ಎಡಗೈ ಸ್ಟೇರಿಂಗಿಗೆ, ಬಲಗೈ ಗಾಡಿಯನ್ನು ಹಿಂದೆ ಮುಂದೆ ಓಡಿಸುವ ಹಿಡಿಕೆಗೆ. ಅವರಿಗೆ ಅದು ಬೇಕಿರಲಿಲ್ಲ. ಫೋಟೊ ಚೆನ್ನಾಗಿ ಬಂದಿತ್ತು, ಅಷ್ಟು ಸಾಕಾಗಿತ್ತು.

ಸೈದಾಪುರದ ಹತ್ತಿರ, ಕಡೇಚೂರಿನ ಕಾರ್ಖಾನೆಗಳ ಪ್ರದೇಶದಲ್ಲಿ ನಮ್ಮದು ಔಷಧಕ್ಕೆ ಬೇಕಾಗುವ ಪುಡಿಗಳನ್ನು ಇಡುವ ಗೋದಾಮು. ನಾನು ಸುರಪುರ ತಾಲ್ಲೂಕಿನ ಕಡೆಯವಳು. ಇಲ್ಲಿಗೆ ಬರುವ ಮುಂಚೆ ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ಕುಳಿತು ಓಡಿಸುವ ಫೋರ್ಕ್‌ಲಿಫ್ಟಿನಲ್ಲಿ ಬೇಲುಗಳನ್ನು ಎತ್ತಿಡುತ್ತಿದ್ದೆ. ಹೆಂಗಸು ಗಾಡಿ ಓಡಿಸುತ್ತಾಳೆ ಎಂದು ಅಲ್ಲಿ ಜನ ಬಾಯಿಬಿಟ್ಟು ನಿಂತು ನೋಡುತ್ತಿದ್ದರು, ಇಲ್ಲಿಯೂ ನೋಡಿದರು. ನೋಡುವವರು ಗಾಡಿಯ ದಾರಿಯಿಂದ ಆಚೆ ನಿಂತರೆ ನನಗೆ ಅವರಿಂದ ಬೇರೇನೂ ಬೇಕಾಗಿರಲಿಲ್ಲ. ಹಾಗೆ ನಿಲ್ಲುವುದಕ್ಕೂ ಎಷ್ಟೋ ಜನರಿಗೆ ಬರುತ್ತಿರಲಿಲ್ಲ.

ಗಾಡಿ ಕಲಿಸಲು ಹೈದರಾಬಾದಿನಿಂದ ಒಬ್ಬ ತರಬೇತುದಾರ ಬಂದ. ಬೆಳಿಗ್ಗೆ ಬಂದವನು ಊಟದ ಹೊತ್ತಿಗೆ ಮುಗಿಸಿದ. ಅದರಲ್ಲೂ ಅರ್ಧ ಹೊತ್ತು ಫೋನಿನಲ್ಲೇ ಇದ್ದ. ಆದರೂ ಹೋಗುವ ಮುಂಚೆ ಮೂರು ಕೆಲಸದ ಮಾತು ಹೇಳಿದ. ಕಾಲ ಕೆಳಗಿನ ಪೆಡಲ್ ಬ್ರೇಕಿನದಲ್ಲ, ಅದನ್ನು ತುಳಿದಿದ್ದರೆ ಮಾತ್ರ ಗಾಡಿ ಚಲಿಸುತ್ತದೆ, ಕಾಲು ತೆಗೆದರೆ ತಾನಾಗಿಯೇ ನಿಲ್ಲುತ್ತದೆ. ಚಾಲಕ ಬಿದ್ದರೂ, ಮೂರ್ಛೆ ಹೋದರೂ ಗಾಡಿ ನಿಲ್ಲಲಿ ಎಂದೇ ಅದನ್ನು ಹಾಗೆ ಮಾಡಿದ್ದಾರೆ. ಕುಳಿತು ಓಡಿಸುವ ಗಾಡಿ ಮಗುಚಿದರೆ ಬೆಲ್ಟ್ ಕಟ್ಟಿಕೊಂಡು ಒಳಗೇ ಗಟ್ಟಿಯಾಗಿ ಹಿಡಿದು ಕೂರಬೇಕು, ಇದು ಮಗುಚಿದರೆ ಹಿಂದಿನ ಬಾಯಿಯಿಂದ ಹಿಂದಕ್ಕೆ ಕಾಲಿಟ್ಟು ಆಚೆ ಹೋಗಬೇಕು. ಮೂರನೆಯದು, ಮೈಯ ಯಾವ ಭಾಗವೂ ಗಾಡಿಯ ಅಂಚು ದಾಟಬಾರದು. ನನ್ನ ಜೊತೆ ಕಲಿಯಲು ನಿಂತಿದ್ದ ಇಬ್ಬರು ತಲೆಯಾಡಿಸಿದರು. ಅವನು ಹೇಳಿದ್ದು ಹಿಂದಿಯಲ್ಲಿ, ಅವರಲ್ಲಿ ಒಬ್ಬನಿಗೆ ಹಿಂದಿ ಬರುತ್ತಿರಲಿಲ್ಲ. ಆದರೂ ಸಂಜೆಗೆ ಎಲ್ಲರ ಕೈಗೂ ಪ್ರಮಾಣಪತ್ರ ಬಂತು.

ನಾನು ಅದನ್ನು ಮಡಚಿ ಇಟ್ಟು ಅಂಗಳದಲ್ಲಿ ಒಬ್ಬಳೇ ಕಲಿಯಲು ಶುರುಮಾಡಿದೆ. ಈ ಗಾಡಿ ಹಿಂದಿನ ಗಾಲಿಯಿಂದ ತಿರುಗುತ್ತದೆ. ಸ್ವಲ್ಪ ತಿರುಗಿಸಿದರೂ ಹಿಂಭಾಗ ಸರಕ್ಕನೆ ಆಚೆ ಹೊಡೆಯುತ್ತದೆ. ಖಾಲಿ ಡ್ರಮ್ಮುಗಳನ್ನು ಸಾಲಾಗಿ ಇಟ್ಟು ಅವುಗಳ ನಡುವೆ ಓಡಿಸಿದೆ, ಬೀಳಿಸಿದೆ, ಎತ್ತಿಟ್ಟು ಮತ್ತೆ ಓಡಿಸಿದೆ. ಸರಕು ಇಡುವ ಕಟ್ಟಿಗೆ ಹಲಗೆಯ ಖಾಲಿ ಪ್ಯಾಲೆಟ್ಟಿನ ನಂತರ ನೀರು ತುಂಬಿದ ಡ್ರಮ್ಮು ಎತ್ತಿದೆ. ಎತ್ತರ ಹೆಚ್ಚಿದಷ್ಟೂ ಗಾಡಿ ಹೊರಬಲ್ಲ ತೂಕ ಕಡಿಮೆಯಾಗುತ್ತದೆ. ಫೋರ್ಕು ಏರಿಳಿಯುವ ಕಂಬ, ಅಂದರೆ ಮಾಸ್ಟ್, ಮುಂದಕ್ಕೆ ಚಾಚಿದರೆ ಇನ್ನೂ ಕಡಿಮೆ. ಹಾಗಾಗಿ ಸರಕನ್ನು ಮೊದಲು ಒಳಕ್ಕೆ ಎಳೆದುಕೊಂಡು, ಕೆಳಗಿಳಿಸಿ, ಆಮೇಲೆಯೇ ಗಾಡಿ ತಿರುಗಿಸಬೇಕು. ಇದನ್ನು ಕೈಗೆ ಹತ್ತಿಸಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ನೋಡುವವರಿಗೆ ಅದು ನಿಧಾನವೆಂದು ಕಂಡಿತು.

"ಏನಮ್ಮ, ಗಾಡಿ ಓಡಿಸ್ತೀರೋ, ಮದುವಣಗಿತ್ತಿ ಕರ್ಕೊಂಡು ಬರ್ತೀರೋ?" ಎಂದು ಮ್ಯಾನೇಜರ್ ಕೇಳಿದರು. ಅವರು ಮೈಸೂರಿನ ಕಡೆಯವರು. ಅವರ ಹಿಂದೆ ನಿಂತಿದ್ದವರು ನಗುವುದಕ್ಕೆಂದೇ ನಿಂತಿದ್ದರು, ನಕ್ಕರು.

ಅವರಿಗೆ ಬೇಕಾಗಿದ್ದವನು ಮುಂದಿನ ವಾರ ಸಿಕ್ಕ. ಗುರುಮಠಕಲ್ ಕಡೆಯವನು, ಹೈದರಾಬಾದಿನ ಯಾವುದೋ ದೊಡ್ಡ ಗೋದಾಮಿನಲ್ಲಿ ಇಂಥದೇ ಗಾಡಿ ಓಡಿಸಿ ಬಂದಿದ್ದ. ಬಂದ ಮೊದಲ ದಿನವೇ ಎಲ್ಲರೂ ಅವನನ್ನು ಉಸ್ತಾದ ಎಂದು ಕರೆಯತೊಡಗಿದರು. ಕೈ ಚುರುಕಾಗಿತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ನಾನು ಒಂದು ಪ್ಯಾಲೆಟ್ ಇಡುವಷ್ಟರಲ್ಲಿ ಅವನು ಎರಡು ಇಡುತ್ತಿದ್ದ. ಆದರೆ ಒಂದು ಕಾಲು ಯಾವಾಗಲೂ ಗಾಡಿಯ ಹೊರಗೆ, ಗೂಡಂಗಡಿಯ ಕಟ್ಟೆಯ ಮೇಲೆ ಕೂತವನ ಕಾಲಿನಂತೆ ಜೋತಾಡುತ್ತಿತ್ತು. ಗಲ್ಲಿಯ ತುದಿಯಲ್ಲಿ ಹಾರ್ನ್ ಒತ್ತುವ ಬದಲು ಶಿಳ್ಳೆ ಹೊಡೆಯುತ್ತಿದ್ದ. ಸಾಲು ರ‍್ಯಾಕುಗಳ ನಡುವಿನ ದಾರಿಯನ್ನು ನಾವು ಗಲ್ಲಿ ಎನ್ನುತ್ತೇವೆ. ಎದುರಿನಿಂದ ಬರುವವರು ಅಲ್ಲಿ ಕಾಣುವುದಿಲ್ಲ. ಹುಡುಗಿಯರು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ ಜಾಗದ ಮುಂದೆ ಮಾತ್ರ ಅವನ ವೇಗ ಹೆಚ್ಚಾಗುತ್ತಿತ್ತು. ಯಾರೋ ವಿಡಿಯೋ ಮಾಡಿ ಹಾಡು ಸೇರಿಸಿ ಫೋನಿನಲ್ಲಿ ಹಾಕಿದರು. ಮ್ಯಾನೇಜರ್ ಅದನ್ನು ತಮ್ಮ ಮೇಲಿನವರಿಗೂ ಕಳಿಸಿದರು.

ಪೆಡಲ್ ತುಳಿಯುವ ಕಾಲು ಒಂದೇ ಎನ್ನುವುದು ಸರಿ. ಆದರೆ ಹೊರಗೆ ಜೋತಾಡುತ್ತಿದ್ದದ್ದು ಅದೇ ಕಾಲು. ಹಾಗಿದ್ದರೂ ಗಾಡಿ ಹೇಗೆ ಓಡುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಒಂದು ದಿನ ಅವನು ಚಹಾಕ್ಕೆ ಹೋದಾಗ ಬಗ್ಗಿ ನೋಡಿದೆ. ಮುರಿದ ಪ್ಯಾಲೆಟ್ಟಿನ ಒಂದು ಕಟ್ಟಿಗೆ ತುಂಡನ್ನು ಪೆಡಲಿನ ಮೇಲೆ ಬಿಗಿಯಾಗಿ ಸಿಕ್ಕಿಸಿದ್ದ. ಗಾಡಿ ಚಾಲೂ ಮಾಡಿದ ಮೇಲೆ ಸಿಕ್ಕಿಸುವುದು, ಬಂದ್ ಮಾಡುವಾಗ ತೆಗೆಯುವುದು ಅವನ ಪದ್ಧತಿ. ಅಂದು ತೆಗೆಯಲು ಮರೆತಿದ್ದ.

"ಇದೇನೋ?" ಎಂದೆ ಅವನು ಬಂದಾಗ.

"ಅಕ್ಕಾ, ದಿನಾಪೂರ್ತಿ ತುಳಕೊಂಡ ನಿಂತ್ರ ಮೊಣಕಾಲು ಹೋಗ್ತದ. ಹೈದರಾಬಾದನ್ಯಾಗ ಎಲ್ಲಾರೂ ಹಿಂಗ ಮಾಡ್ತಾರ."

"ನೀ ಬಿದ್ರ ಗಾಡಿ ನಿಲ್ಲಲ್ಲ."

"ನಾ ಯಾಕ ಬೀಳ್ಲಿ?" ಎಂದು ಅವನು ನಕ್ಕ. ಗಾಳಿ ತುಂಬಿದ ಮನುಷ್ಯನ ಜೊತೆ ವಾದ ಮಾಡುವ ತಾಳ್ಮೆ ನನಗಿಲ್ಲ. ತುಂಡನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಮರುದಿನ ಅಲ್ಲಿ ಹೊಸ ತುಂಡು ಇತ್ತು. ಮೇಲ್ವಿಚಾರಕನಿಗೆ ತೋರಿಸಿದೆ. ಅವನು ನೋಡಿ, "ಕೆಲಸ ಫಾಸ್ಟ್ ನಡದದ ಬಿಡ್ರಿ ಅಕ್ಕಾರ" ಎಂದ. ಅವನ ಜಾಗದಲ್ಲಿ ಒಂದು ಕಂಬ ನೆಟ್ಟಿದ್ದರೂ ಅಷ್ಟೇ ಮೇಲ್ವಿಚಾರಣೆ ನಡೆಯುತ್ತಿತ್ತು.

ಇದೆಲ್ಲ ಹೀಗೇ ಸಾಗುತ್ತಿರುವಾಗ ದೊಡ್ಡ ಚೀಲಗಳು ಬಂದವು. ಹಳೆಯ ಡ್ರಮ್ಮುಗಳ ಬದಲು ಆಳೆತ್ತರದ, ಟನ್ ತೂಗುವ ಚೀಲಗಳು. ರ‍್ಯಾಕಿನ ಕೆಳಗಿನ ಖಾನೆಯಲ್ಲಿ ಅವು ಹಿಡಿಸುತ್ತಿರಲಿಲ್ಲ. ಅದಕ್ಕೆ ಎರಡನೇ ಗಲ್ಲಿಯಲ್ಲಿ ರ‍್ಯಾಕಿನ ಮೊದಲ ಅಡ್ಡ ಬೀಮನ್ನು ಮೇಲಕ್ಕೆ ಏರಿಸಲು ಮ್ಯಾನೇಜರ್ ಹೇಳಿದರು. ಮೊದಲು ಆ ಬೀಮು ನನ್ನ ಸೊಂಟಕ್ಕಿಂತ ಕೆಳಗಿತ್ತು. ಗಾಡಿ ಹಿಂದಕ್ಕೆ ಹೋಗಿ ತಾಗಿದರೂ ಗಾಡಿಯ ಕಬ್ಬಿಣದ ಮೈಗೇ ತಾಗುತ್ತಿತ್ತು. ಈಗ ಗಾಡಿಯ ಮೈಗಿಂತ ಮೇಲಕ್ಕೆ, ಒಳಗೆ ನಿಂತವರ ಎದೆಯ ಮಟ್ಟಕ್ಕೆ ಬಂತು.

ಗಲ್ಲಿ ಕಿರಿದು. ಒಂದು ಬದಿಯ ರ‍್ಯಾಕಿನಿಂದ ಪ್ಯಾಲೆಟ್ ಹೊರತೆಗೆಯಬೇಕಾದರೆ ಗಾಡಿಯ ಹಿಂಭಾಗ ಎದುರು ಬದಿಯ ರ‍್ಯಾಕಿನ ಹತ್ತಿರದವರೆಗೂ ಹೋಗಲೇಬೇಕು. ಎದುರಿನ ಕೆಳಖಾನೆಯಲ್ಲಿ ಸರಕಿದ್ದರೆ ಗಾಡಿ ಅದಕ್ಕೆ ತಾಗಿ ನಿಲ್ಲುತ್ತದೆ. ಖಾನೆ ಖಾಲಿಯಿದ್ದರೆ ಗಾಡಿ ಬೀಮಿನ ಕೆಳಗೆ ನುಸುಳುತ್ತದೆ, ಬೀಮು ಗಾಡಿಯ ತೆರೆದ ಹಿಂಬದಿಯಿಂದ ಒಳಗೆ ನುಗ್ಗುತ್ತದೆ. ನುಗ್ಗಿದ ಬೀಮಿಗೂ ಗಾಡಿಗೂ ನಡುವೆ ಇರುವುದು ಚಾಲಕ ಮಾತ್ರ. ದೊಡ್ಡ ಚೀಲಗಳು ಇನ್ನೂ ಪೂರ್ತಿ ಬಂದಿರಲಿಲ್ಲ, ಅರ್ಧ ಗಲ್ಲಿ ಖಾಲಿಯೇ ಇತ್ತು.

ಮ್ಯಾನೇಜರಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ಅವರನ್ನು ಕ್ಷಮಿಸಿಬಿಡುತ್ತಿದ್ದೆ. ಗೊತ್ತಿತ್ತು. ರ‍್ಯಾಕ್ ಕೂಡಿಸುವ ಕಂಪನಿಯ ಎಂಜಿನಿಯರ್ ನನ್ನ ಎದುರಿಗೇ ಹೇಳಿದ್ದರು, ಗಾಡಿಯ ಹಿಂಬದಿಗೆ ತಡೆಗಂಬ ಹಾಕಿಸಿ, ಇಲ್ಲವೇ ಬೀಮಿನ ಕೆಳಗೆ ಇನ್ನೊಂದು ಅಡ್ಡಪಟ್ಟಿ ಕೊಡಿಸಿ ಎಂದು. ಮ್ಯಾನೇಜರ್ "ಮಾಡೋಣ ಮಾಡೋಣ" ಎಂದರು. ಆ ಮಾತನ್ನು ಅವರು ಎಷ್ಟು ಹಗುರವಾಗಿ ಹೇಳುತ್ತಿದ್ದರೆಂದರೆ, ಅದು ಬಾಯಿಂದ ಹೊರಬಿದ್ದ ಮೇಲೆ ಎಲ್ಲಿಯೂ ನೆಲ ಮುಟ್ಟುತ್ತಿರಲಿಲ್ಲ.

ನಾನು ಅವರನ್ನು ಗಲ್ಲಿಗೆ ಕರೆದುಕೊಂಡು ಹೋಗಿ, ಗಾಡಿ ಬಂದ್ ಮಾಡಿ, ಒಳಗೆ ನಿಂತು ಬೀಮಿನ ಕಡೆ ಕೈ ತೋರಿಸಿದೆ.

"ನೋಡಿಕೊಂಡು ಓಡಿಸಿದ್ರೆ ಏನಾಗುತ್ತಮ್ಮ?" ಎಂದರು.

"ನೋಡಾಕ ಬೆನ್ನಾಗ ಕಣ್ಣಿಲ್ರಿ ಸರ್. ಮುಂದ ಮ್ಯಾಲಿನ ಖಾನಿಯೊಳಗಿನ ಪ್ಯಾಲೆಟ್ ನೋಡಬೇಕ್ರಿ, ಅದೇ ಹೊತ್ತಿಗೆ ಹಿಂದಿನ ಬೀಮೂ ನೋಡಬೇಕ್ರಿ. ಒಂದ ಸಲ ತಪ್ಪಿದ್ರ ಸಾಕು."

"ಉಸ್ತಾದ ಓಡಿಸ್ತಾ ಇದ್ದಾನಲ್ಲ? ನೀವು ಹೆಣ್ಮಕ್ಕಳು ಸ್ವಲ್ಪ ಜಾಸ್ತಿನೇ ಭಯ ಪಡ್ತೀರ."

"ಹೌದ್ರಿ, ಭಯ ಅದ. ಬೀಮು ಕೆಳಗ ಇಳಿಸೋತನ ಈ ಗಲ್ಲಿಯೊಳಗ ನಾ ಗಾಡಿ ತರಂಗಿಲ್ರಿ."

ಕೀಲಿ ತೆಗೆದು ಅವರ ಅಂಗೈಯಲ್ಲಿ ಇಟ್ಟೆ. ಕೆಲಸ ಹೋಗುತ್ತದೆ ಎಂದುಕೊಂಡೇ ಇಟ್ಟದ್ದು. ಮನೆಯಲ್ಲಿ ನನ್ನ ದುಡಿಮೆಯ ಮೇಲೆ ನಿಂತ ಬಾಯಿಗಳಿದ್ದವು. ಆದರೆ ಅವರು ಕೆಲಸದಿಂದ ತೆಗೆಯಲಿಲ್ಲ. ಅದಕ್ಕೂ ಮೇಲಿನವರಿಗೆ ಕಾರಣ ಹೇಳಬೇಕಾಗುತ್ತಿತ್ತು. ಹೊರಗಿನ ಅಂಗಳದಲ್ಲಿದ್ದ ಹಳೆಯ ಡೀಸೆಲ್ ಗಾಡಿಗೆ ಹಾಕಿದರು. ಆಗ ಬೇಸಿಗೆ. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ನೆರಳೂ ಇಲ್ಲದ ಅಂಗಳದಲ್ಲಿ ಕಬ್ಬಿಣದ ಸೀಟಿನ ಮೇಲೆ ಕೂರುವುದೆಂದರೆ ಹಂಚಿನ ಮೇಲೆ ರೊಟ್ಟಿ ಕೂತಂತೆ. ಚೀಟಿ ಅಂಟಿಸುವ ಹುಡುಗಿಯರು ನೀರು ತಂದುಕೊಟ್ಟು, "ಅಕ್ಕಾ, ಒಂದ್ ಮಾತು ಕೇಳಿ ಸುಮ್ನ ಓಡಿಸಿಬಿಡಬಾರದ?" ಎನ್ನುತ್ತಿದ್ದರು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯದ ಡಬ್ಬಿ ಬಿಚ್ಚಿದಾಗ ಉಸ್ತಾದ ಎದುರಿಗೆ ಬಂದು ಕೂತು, "ಅಕ್ಕಾ, ಒಳಗ ಕೂಲರ್ ಹಾಕ್ಯಾರ" ಎಂದು ಹೇಳಿ ಹೋಗುತ್ತಿದ್ದ. ನಾನು ತಿನ್ನುತ್ತಿದ್ದೆ.

ಅದಾದ ಕೆಲವು ವಾರಗಳ ನಂತರ, ಬೆಳಗಿನ ಪಾಳಿಯಲ್ಲಿ, ಒಂದು ಲಾರಿಯ ಸರಕು ಇಳಿಸಿ ಸಹಿ ಹಾಕಿಸಿಕೊಳ್ಳಲು ಒಳಗೆ ಹೋಗಿದ್ದೆ. ಎರಡನೇ ಗಲ್ಲಿಯಿಂದ ಒಂದು ಸದ್ದು ಬಂತು. ಢಬ್ ಎಂದು ಹೊಡೆದ ಸದ್ದಲ್ಲ. ರ‍್ಯಾಕು ಇಡೀ ಕಿರ್ರೆಂದು ನರಳಿದ ಸದ್ದು. ಅದರ ಹಿಂದೆಯೇ ಮೋಟಾರಿನ ಗುಂಯ್ ಎನ್ನುವ ದನಿ, ನಿಲ್ಲದೆ. ಕೂಗು ಇರಲಿಲ್ಲ. ಕೂಗು ಇಲ್ಲದಿದ್ದದ್ದೇ ನನ್ನ ಕಾಲಿಗೆ ವೇಗ ಕೊಟ್ಟಿತು.

ಗಾಡಿ ಹಿಮ್ಮುಖವಾಗಿ ಖಾಲಿ ಖಾನೆಯೊಳಗೆ ನುಸುಳಿತ್ತು. ಬೀಮು ಉಸ್ತಾದನ ಎದೆಯ ಪಕ್ಕಕ್ಕೆ ಒತ್ತಿ ಅವನನ್ನು ಒಳಗಿನ ಹಿಡಿಕೆಯ ಫಲಕಕ್ಕೆ ಅಮುಕಿತ್ತು. ಅವನ ಮೈಯೇ ಹಿಡಿಕೆಯನ್ನು ಒತ್ತಿ ಹಿಡಿದಿತ್ತು. ಕಾಲು ಪೆಡಲಿನ ಮೇಲಿರಲಿಲ್ಲ, ಆದರೆ ಕಟ್ಟಿಗೆಯ ತುಂಡು ಇತ್ತು. ಹಾಗಾಗಿ ಗಾಡಿ ನಿಲ್ಲದೆ ಹಿಂದಕ್ಕೇ ದೂಡುತ್ತಿತ್ತು. ಅವನ ಬಾಯಿ ತೆರೆದಿತ್ತು, ಮುಖ ಕಪ್ಪಗಾಗುತ್ತಿತ್ತು. ಮೇಲ್ವಿಚಾರಕ ಗಾಡಿಯನ್ನು ಕೈಯಿಂದ ಎಳೆಯುತ್ತಿದ್ದ. ಮೂರು ಟನ್ನಿನ ಗಾಡಿಯನ್ನು, ಹಗ್ಗ ಬಿಟ್ಟ ಕರುವನ್ನು ಎಳೆಯುವಂತೆ.

ನಾನು ಮೇಲ್ವಿಚಾರಕನನ್ನು ಆಚೆ ತಳ್ಳಿ, ಗಾಡಿಯನ್ನು ತಟ್ಟನೆ ನಿಲ್ಲಿಸುವ ಕೆಂಪು ಗುಂಡಿಗೆ ಮುಷ್ಟಿಯಿಂದ ಹೊಡೆದೆ. ಮೋಟಾರು ನಿಂತಿತು. ದೂಡುವುದು ನಿಂತಿತು, ಅಮುಕಿದ್ದು ಹಾಗೇ ಇತ್ತು. ಬ್ರೇಕು ಬಿದ್ದಿತ್ತು, ಇನ್ನು ಯಾರು ತಳ್ಳಿದರೂ ಅದು ಅಲುಗಾಡುವುದಿಲ್ಲ.

ಅಷ್ಟರಲ್ಲಿ ಗಲ್ಲಿಯ ತುಂಬ ಜನ ನೆರೆದು ಎಲ್ಲರೂ ಉಪಾಯ ಹೇಳತೊಡಗಿದರು. ಬೀಮು ಬಿಚ್ಚಿ ಎಂದರು. ಅದರ ಮೇಲೆ ಎರಡು ಟನ್ ಸರಕು ಕೂತಿತ್ತು. ಬಿಚ್ಚಿದರೆ ಅದೂ ಅವನ ಮೇಲೆಯೇ ಬರುತ್ತಿತ್ತು. ಫೋರ್ಕಿನ ಮೇಲಿದ್ದ ಚೀಲ ಕೆಳಗಿಳಿಸಿ ಎಂದರು. ಇಳಿಸುವಾಗ ಗಾಡಿ ತುಸು ಮಿಸುಕಿದರೂ ಬೀಮು ಇನ್ನಷ್ಟು ಒಳಗೆ ಹೋಗುತ್ತಿತ್ತು. ಒಂದೇ ದಾರಿ ಇತ್ತು. ಗಾಡಿಯನ್ನು ಫೋರ್ಕಿನ ಕಡೆಗೆ ಒಂದು ಗೇಣು ಸರಿಸಬೇಕು. ಅದಕ್ಕೆ ಮತ್ತೆ ಚಾಲೂ ಮಾಡಬೇಕು. ಆದರೆ ಪೆಡಲ್ ಒತ್ತಿದ ಸ್ಥಿತಿಯಲ್ಲೇ ಇದ್ದರೆ ಈ ಗಾಡಿ ಚಾಲೂ ಆಗುವುದಿಲ್ಲ. ಕಟ್ಟಿಗೆ ಕೀಳಬೇಕು, ಚಾಲೂ ಮಾಡಬೇಕು, ಆಮೇಲೆ ಯಾರಾದರೂ ಪೆಡಲನ್ನು ಕೈಯಿಂದ ಒತ್ತಿ ಹಿಡಿಯಬೇಕು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಬೀಮಿನ ಕೆಳಗೆ, ಖಾಲಿ ಖಾನೆಯ ನೆಲದಲ್ಲಿ ಮಲಗಿ ಕೈ ಚಾಚಿದರೆ ಮಾತ್ರ ಪೆಡಲ್ ಸಿಗುತ್ತಿತ್ತು.

ಮ್ಯಾನೇಜರ್ ಓಡಿಬಂದಿದ್ದರು. ಖಾನೆಯ ಹತ್ತಿರ ನಿಂತಿದ್ದವರು ಅವರೇ.

"ಸರ್, ಕೆಳಗ ಮಲಗ್ರಿ. ಆ ಕಟ್ಟಿಗಿ ಕೀಳ್ರಿ."

"ನಾನಾ?"

"ಮತ್ಯಾರ್ರಿ? ಮಲಗ್ರಿ!"

ಅವರು ಮಲಗಿದರು. ಬಿಳಿ ಅಂಗಿಯಲ್ಲಿ, ಪುಡಿ ಚೆಲ್ಲಿದ ನೆಲದ ಮೇಲೆ, ಹೊಟ್ಟೆ ಅಡಿಗಾಗಿ. ಗಾಡಿ ಹಿಂದಕ್ಕೆ ಬಂದರೆ ಅವರ ತಲೆಯೂ ಅದರ ದಾರಿಯಲ್ಲೇ ಇತ್ತು. ಅವರು ಆ ದಿನ ಮಲಗಿದ್ದನ್ನು ನಾನು ಯಾರ ಮುಂದೆಯೂ ಮುಚ್ಚಿಟ್ಟಿಲ್ಲ. ತುಂಡು ಕಿತ್ತರು. ನಾನು ಕೆಂಪು ಗುಂಡಿ ಎತ್ತಿ, ಕೀಲಿ ತಿರುಗಿಸಿ, ಆಮೆಯ ಚಿತ್ರವಿರುವ ನಿಧಾನದ ಗುಂಡಿ ಒತ್ತಿದೆ.

ಹಿಡಿಕೆ ಅವನ ಪಕ್ಕೆಲುಬಿಗೆ ಅಂಟಿಕೊಂಡಿತ್ತು. ನಾನು ಗಾಡಿಯ ಹೊರಗಿನಿಂದ ಕೈ ತೂರಿಸಬೇಕಾಗಿತ್ತು. ಒಳಗೆ ನಿಂತಾಗ ಬಲಕ್ಕಿರುವುದು ಹೊರಗಿನಿಂದ ಎಡಕ್ಕಿರುತ್ತದೆ. ತಪ್ಪು ಕಡೆ ಒತ್ತಿದರೆ ಮುಗಿಯಿತು, ಒಬ್ಬನದಲ್ಲ, ಇಬ್ಬರದು. ಹಿಂದೆ ನಿಂತವರು "ಆ ಕಡೆ, ಆ ಕಡೆ" ಎಂದು ಎರಡೂ ಕಡೆ ಕೈ ತೋರಿಸುತ್ತಿದ್ದರು.

"ಎಲ್ಲಾರೂ ಬಾಯಿ ಮುಚ್ರಿ!" ಎಂದು ಕೂಗಿದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿತು.

ಕಣ್ಣು ಮುಚ್ಚಿ, ಅಂಗಳದಲ್ಲಿ ಡ್ರಮ್ಮುಗಳ ನಡುವೆ ನಿಂತಿದ್ದ ನನ್ನ ಮೈಯನ್ನು ಆ ಗಾಡಿಯೊಳಗೆ ನಿಲ್ಲಿಸಿಕೊಂಡೆ. ಫೋರ್ಕು ಯಾವ ಭುಜಕ್ಕೆ ಇತ್ತೋ ಹೆಬ್ಬೆರಳು ಆ ಭುಜದ ಕಡೆ. ಕಣ್ಣು ಬಿಟ್ಟು, ಫೋರ್ಕನ್ನು ನೋಡಿ, ಹೆಬ್ಬೆರಳು ಅದರ ಕಡೆಗೇ ಇದೆ ಎಂದು ಖಾತ್ರಿ ಮಾಡಿಕೊಂಡು ಹಿಡಿಕೆಯನ್ನು ಆ ಕಡೆಗೆ ಒತ್ತಿ ಹಿಡಿದೆ.

"ಒತ್ರಿ ಸರ್."

ಗಾಡಿ ಫೋರ್ಕಿನ ಕಡೆಗೆ ಸರಿಯಿತು. ಒಂದು ಗೇಣು. "ಬಿಡ್ರಿ!" ನಿಂತಿತು. ಉಸ್ತಾದ ಬೀಮಿನಿಂದ ಜಾರಿ ಒಳಗೇ ಕುಸಿದ. ಆಮೇಲೆ ಅವನು ಎಳೆದ ಉಸಿರಿನ ಸದ್ದು ಇದೆಯಲ್ಲ, ಹರಿದ ಗೋಣಿಯನ್ನು ಎಳೆದಂತಹ ಸದ್ದು, ಅದನ್ನು ಕೇಳಿದ ಮೇಲೆ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿದೆ. ಅಲ್ಲೇ ನೆಲಕ್ಕೆ ಕೂತೆ.

ಅವನನ್ನು ಯಾದಗಿರಿಗೆ ಒಯ್ದರು, ಅಲ್ಲಿಂದ ರಾಯಚೂರಿಗೆ. ಪಕ್ಕೆಲುಬುಗಳು ಮುರಿದು ಒಂದು ಪುಪ್ಪುಸಕ್ಕೆ ಚುಚ್ಚಿದ್ದವು. ಬದುಕುತ್ತಾನೆ ಎಂದು ಎರಡು ದಿನದ ಮೇಲೆ ಸುದ್ದಿ ಬಂತು.

ಮ್ಯಾನೇಜರ್ ಅಪಘಾತದ ದಿನ ಸಂಜೆಯೇ ಅಂಗಿ ಬದಲಾಯಿಸಿದ್ದರು, ಮಾತನ್ನೂ. ಸರ್ಕಾರದ ಕಡೆಯಿಂದ ತಪಾಸಣೆಗೆ ಅಧಿಕಾರಿ ಬರುತ್ತಾರೆ ಎಂದು ತಿಳಿದಾಗ ನನ್ನನ್ನು ಒಳಗೆ ಕರೆದು ಕೂರಿಸಿದರು. ಅಷ್ಟು ವರ್ಷದಲ್ಲಿ ನನಗೆ ಆ ಕೋಣೆಯಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

"ನೀವು ಪೆಡಲ್ ವಿಷಯ ಅಷ್ಟೇ ಹೇಳಿ. ಕಟ್ಟಿಗೆ ಇಟ್ಟಿದ್ದ, ಅದು ನಿಜ ತಾನೇ? ಸುಳ್ಳು ಹೇಳಿ ಅಂತ ನಾನು ಹೇಳ್ತಾ ಇಲ್ಲ."

"ಬೀಮಿನ ಸುದ್ದಿ?"

"ಅದು ಟೆಕ್ನಿಕಲ್ ವಿಷಯ. ನಾವು ನೋಡ್ಕೋತೀವಿ."

ಮರುದಿನ ರಜೆ ಹಾಕಿ ರಾಯಚೂರಿಗೆ ಹೋದೆ. ಆಸ್ಪತ್ರೆಯ ವರಾಂಡದಲ್ಲಿ ಉಸ್ತಾದನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಅಳಲಿಲ್ಲ, ಮೆಲ್ಲಗೆ ಹೇಳಿದಳು, "ಅಕ್ಕಾರ, ಆ ಕಟ್ಟಿಗಿ ಸುದ್ದಿ ಎತ್ತಬ್ಯಾಡ್ರಿ. ನೌಕರಿ ಹೋಗ್ತದ. ಬೀಮು ಮ್ಯಾಲ ಮಾಡಿದ್ದು ಅವ್ರು, ಅಷ್ಟ ಹೇಳ್ರಿ." ಒಳಗೆ ಮಂಚದ ಮೇಲೆ ಮಲಗಿದ್ದ ಉಸ್ತಾದ, ಮೂಗಿಗೆ ನಳಿಕೆ ಹಾಕಿಸಿಕೊಂಡವನು, ಅದೇ ಮಾತಿಗೆ ಕಣ್ಣಿನಿಂದಲೇ ಹೌದೆಂದ.

ಮ್ಯಾನೇಜರೂ ಈ ಹೆಂಗಸೂ ನನ್ನಿಂದ ಕೇಳಿದ್ದು ಅರ್ಧ ನಿಜವನ್ನು. ಒಬ್ಬರಿಗೆ ಎಡದ ಅರ್ಧ, ಇನ್ನೊಬ್ಬರಿಗೆ ಬಲದ ಅರ್ಧ. ಹೆಂಗಸಿನ ಬಗ್ಗೆ ನನ್ನ ಮನಸ್ಸು ಕರಗಿತು, ಅವಳು ತನ್ನ ಮನೆಗಾಗಿ ಕೇಳಿದಳು. ಅವಳ ಗಂಡನ ಬಗ್ಗೆ ಕರಗಲಿಲ್ಲ. ಸಾವಿನ ಬಾಯಿಂದ ಹೊರಬಂದ ಮೇಲೂ ಅವನಿಗೆ ಕಾಪಾಡಬೇಕಾದದ್ದು ಆ ಕಟ್ಟಿಗೆ ತುಂಡೇ ಆಗಿತ್ತು. ವಾಪಸ್ ಬರುವ ರೈಲಿನಲ್ಲಿ, ಕೃಷ್ಣಾ ಸೇತುವೆ ದಾಟುವಾಗ, ಏನು ಹೇಳಬೇಕೆಂದು ನನ್ನಲ್ಲಿ ತೀರ್ಮಾನವಾಗಿತ್ತು. ಆ ಗಾಡಿಯ ಮೇಲೆ ನಾಳೆ ನಾನೇ ನಿಲ್ಲಬೇಕಾದವಳು.

ಅಧಿಕಾರಿ ಬಂದರು. ಗಲ್ಲಿಯಲ್ಲಿ, ಆ ಬೀಮಿನ ಎದುರಿಗೇ ನಿಂತು ಎರಡನ್ನೂ ಹೇಳಿದೆ. ಕಟ್ಟಿಗೆಯನ್ನು ನಾನು ಕಿತ್ತೆಸೆದದ್ದು, ಅವನು ಮತ್ತೆ ಇಟ್ಟದ್ದು, ಮೇಲ್ವಿಚಾರಕ ನೋಡಿ ಬಿಟ್ಟದ್ದು. ಬೀಮು ಏರಿಸಿದ್ದು, ಎಂಜಿನಿಯರ್ ಹೇಳಿದ್ದು, ನಾನು ಕೀಲಿ ಕೊಟ್ಟದ್ದು. ಕಟ್ಟಿಗೆ ಇರದಿದ್ದರೆ ಗಾಡಿ ಕಾಲು ತೆಗೆದ ಕೂಡಲೇ ನಿಂತು ಒಂದೋ ಎರಡೋ ಎಲುಬು ಮುರಿಯುತ್ತಿದ್ದವು; ಬೀಮು ಕೆಳಗಿದ್ದಿದ್ದರೆ ಅದೂ ಇಲ್ಲ. ಮ್ಯಾನೇಜರ್ ಪಕ್ಕದಲ್ಲೇ ನಿಂತು ತಮ್ಮ ಬೂಟನ್ನು ನೋಡುತ್ತಿದ್ದರು.

"ಕೀಲಿ ಕೊಟ್ಟ ಮೇಲೆ ನಿಮ್ಮನ್ನು ಎಲ್ಲಿಗೆ ಹಾಕಿದರು?" ಎಂದು ಅಧಿಕಾರಿ ಕೇಳಿದರು.

"ಬಿಸಲಿಗ್ರಿ" ಎಂದೆ.

ಆಮೇಲೆ, "ಮಾಡೋಣ ಮಾಡೋಣ" ಎಂದಿದ್ದೆಲ್ಲ ಒಂದೇ ವಾರದಲ್ಲಿ ಆಯಿತು. ಬೀಮಿನ ಕೆಳಗೆ ಅಡ್ಡಪಟ್ಟಿ ಬಂತು, ಗಾಡಿಯ ಹಿಂಬದಿಗೆ ಎರಡು ತಡೆಗಂಬ ಬಂದವು. ಮ್ಯಾನೇಜರಿಗೆ ಬೇರೆ ಊರಿನ ಘಟಕಕ್ಕೆ ವರ್ಗವಾಯಿತು. ಅವರನ್ನು ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಟ್ಟರು. ಭಾಷಣ ಮಾಡಿದ ಮೇಲ್ವಿಚಾರಕ ಅವರ ಮುಂದಾಲೋಚನೆಯನ್ನು ಹೊಗಳಿದ. ನಾನು ಒಳಗಿನ ಗಾಡಿಗೆ ವಾಪಸ್ ಬಂದೆ. ಉಸ್ತಾದನನ್ನು ತೆಗೆಯಲು ಕಂಪನಿಗೆ ಆಸೆಯಿತ್ತು, ಆದರೆ ಬೀಮಿನ ತಪ್ಪು ಅಧಿಕಾರಿಯ ವರದಿಯಲ್ಲಿ ಇದ್ದುದರಿಂದ ಧೈರ್ಯವಾಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಚೀಟಿ ಅಂಟಿಸುವ ಮೇಜಿಗೆ ಬಂದು ಕೂತ. ತುಸು ಬಾಗಿ ನಡೆಯುತ್ತಿದ್ದ. ನನ್ನ ಜೊತೆ ಮಾತು ಬಿಟ್ಟಿದ್ದ. ಅದರಿಂದ ನನಗೆ ನಷ್ಟವೇನೂ ಆಗಲಿಲ್ಲ.

ಸುರಕ್ಷತಾ ಸಪ್ತಾಹ ಬಂತು. ಬ್ಯಾನರು, ಪ್ರತಿಜ್ಞೆ, ಲಾಡು. ಹೊಸ ಮ್ಯಾನೇಜರಿಗೆ ಬದುಕಿ ಬಂದವನೇ ಮಾತಾಡಿದರೆ ಪರಿಣಾಮ ಹೆಚ್ಚು ಎನ್ನಿಸಿ ಉಸ್ತಾದನನ್ನು ಮೈಕಿನ ಮುಂದೆ ನಿಲ್ಲಿಸಿದರು. ಅವನು ಚೆನ್ನಾಗಿ ಮಾತಾಡಿದ. ಬೀಮು ಹೇಗೆ ಒಳಗೆ ಬಂತು, ಕಣ್ಣಿಗೆ ಹೇಗೆ ಕತ್ತಲೆ ಬಂತು, ಆಗಲೂ ತಾನು ಹೇಗೆ ಬುದ್ಧಿ ಕಳೆದುಕೊಳ್ಳದೆ ಕೈ ಚಾಚಿ ಹಿಡಿಕೆ ತಿರುಗಿಸಿ ಗಾಡಿಯನ್ನು ಮುಂದಕ್ಕೆ ಬಿಟ್ಟೆ ಎಂದೆಲ್ಲ ಹೇಳಿದ. ಗಲ್ಲಿಯಲ್ಲಿ ನಿಂತು ನೋಡಿದವರೇ ಚಪ್ಪಾಳೆ ತಟ್ಟಿದರು. ನಾನು ಲಾಡು ತಿನ್ನದೆ ಎದ್ದು ಬಂದೆ.

ಮಧ್ಯಾಹ್ನ ಇಬ್ಬರು ಹೊಸ ಚಾಲಕರಿಗೆ ಗಾಡಿ ತೋರಿಸುವುದಿತ್ತು. ವಡಗೇರಾ ಕಡೆಯಿಂದ ಬಂದ ಅಣ್ಣತಮ್ಮಂದಿರು, ಭಾಷಣ ಕೇಳಿ ಉಬ್ಬಿದ್ದರು. ಉಸ್ತಾದ ತಾನೂ ನೋಡಲು ಬಂದು ಗಲ್ಲಿಯ ಬಾಯಲ್ಲಿ ನಿಂತ.

"ಬಾರೋ," ಎಂದೆ. "ಒಳಗ ನಿಂತು ತೋರಿಸು ಇವರಿಗೆ, ಕೈ ಹೆಂಗ ಚಾಚಿದಿ ಅಂತ."

ಎಲ್ಲರ ಎದುರಿಗೆ ಅವನಿಗೆ ಇಲ್ಲ ಎನ್ನಲಾಗಲಿಲ್ಲ. ನಗುತ್ತ ಬಂದ. ಗಾಡಿ ಬಂದ್ ಆಗಿತ್ತು, ಕೀಲಿ ನನ್ನ ಕೈಯಲ್ಲಿತ್ತು. ತಡೆಗಂಬವನ್ನು ಹಿಡಿದು ಕಾಲು ಎತ್ತಿದ. ಎತ್ತಿದ ಕಾಲು ಮೆಟ್ಟಿಲ ಮೇಲೆ ಇಳಿಯಲಿಲ್ಲ. ಇನ್ನೊಮ್ಮೆ ಎತ್ತಿದ. ಅಂಗಿಯ ಬೆನ್ನು ಒದ್ದೆಯಾಗಿತ್ತು, ಕಂಬ ಹಿಡಿದ ಬೆರಳುಗಳು ಬಿಳಿಚಿದ್ದವು. ಅವನನ್ನು ಸಣ್ಣವನನ್ನಾಗಿ ಮಾಡಬೇಕೆಂದೇ ಕರೆದಿದ್ದೆ. ಈಗ ನೋಡಲು ಆಗಲಿಲ್ಲ.

"ಇರ್ಲಿ ಬಿಡು," ಎಂದೆ.

ಅವನು ಕಾಲು ನೆಲಕ್ಕೆ ಇಟ್ಟ. ಕಂಬ ಬಿಡಲಿಲ್ಲ. ನನ್ನ ಕಡೆ ನೋಡದೆ ಆ ಇಬ್ಬರಿಗೆ ಹೇಳಿದ, "ನಾ ಕೈ ಚಾಚಲಿಲ್ರೋ. ಕೈ ಎಲ್ಲಿ ಅದಾವಂತನೂ ಗೊತ್ತಿರಲಿಲ್ಲ. ಕಟ್ಟಿಗಿ ಇಟ್ಟಾಂವ ನಾನು, ನನ್ನ ಹೊರಗ ತೆಗದಾಕಿ ಈಕಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಣ್ಣತಮ್ಮಂದಿರಲ್ಲಿ ಚಿಕ್ಕವನು ಬಗ್ಗಿ, ಪೆಡಲನ್ನು ಕೈಯಿಂದ ಒಮ್ಮೆ ಒತ್ತಿ ಬಿಟ್ಟು ನೋಡಿದ.